ಆರೂವರೆಗೆ ಆಫೀಸ್ ಬಿಡುವವರಿಗೆ ಹ್ಯಾಪಿ ಅವರ್ ಎಲ್ಲಿದೆ? (ಬೆಂಗಳೂರು, ಹತ್ತು ಜನ, ಅರ್ಧ ಜನ ಕುಡಿಯುವುದಿಲ್ಲ)

ಗಿರಿನಗರ ಗೊಜ್ಜು

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಆಫೀಸಿನ ಗೆಳೆಯರ ಗುಂಪು. ಈಗ ಎಲ್ಲರೂ ಬೇರೆ ಬೇರೆ ಕಂಪನಿಯಲ್ಲಿದ್ದೇವೆ. ತಿಂಗಳಿಗೊಂದು ಸಂಜೆ ಎಲ್ಲಾದರೂ ಸೇರುವುದು ರೂಢಿ. ಎಲ್ಲರೂ ಬಂದರೆ ಹತ್ತು ಜನ. ಅರ್ಧ ಜನ ಕುಡಿಯುತ್ತಾರೆ, ಅರ್ಧ ಜನ ಇಲ್ಲ. ಮೂವರು ಸಸ್ಯಾಹಾರಿಗಳು. ಅದರಲ್ಲಿ ಒಬ್ಬರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಮೂವರು ವೈಟ್‌ಫೀಲ್ಡ್ ಕಡೆ, ಮೂವರು ಎಲೆಕ್ಟ್ರಾನಿಕ್ ಸಿಟಿ ಕಡೆ. ಮಿಕ್ಕವರು ನನ್ನ ಹಾಗೆ ದಕ್ಷಿಣ ಬೆಂಗಳೂರಿನವರು.

ಪ್ರತಿ ತಿಂಗಳೂ ವಾಟ್ಸಾಪ್‌ನಲ್ಲಿ ಒಂದು ವಾರ ಜಗಳ. ಯಾರಾದರೊಬ್ಬರು ಹ್ಯಾಪಿ ಅವರ್ (ಮದ್ಯಕ್ಕೆ ರಿಯಾಯಿತಿ ಕೊಡುವ ಹೊತ್ತು) ಬೋರ್ಡಿನ ಫೋಟೊ ಹಾಕುತ್ತಾರೆ. "ಒಂದಕ್ಕೆ ಒಂದು ಫ್ರೀ, ಸಂಜೆ 4ರಿಂದ 7." ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಸಿಲ್ಕ್ ಬೋರ್ಡ್ ದಾಟಿ ಏಳರ ಒಳಗೆ ಎಲ್ಲಿಗೆ ಹೋಗಿ ತಲುಪುವುದು? ನಾವು ಹೋಗಿ ಕೂರುವ ಹೊತ್ತಿಗೆ ಮೆನು ಕಾರ್ಡ್ ಬದಲಾಗಿರುತ್ತದೆ.

ನಮಗೆ ಬೇಕಾಗಿರುವುದು ಇಷ್ಟೇ. ಎರಡು ಮೂರು ಗಂಟೆ ಕೂತು ಮಾತಾಡಬೇಕು, ಒಬ್ಬರ ಮಾತು ಒಬ್ಬರಿಗೆ ಕೇಳಿಸಬೇಕು. ಬಿಲ್ ನೋಡಿ ಯಾರ ಮುಖವೂ ಸಪ್ಪಗಾಗಬಾರದು. ಇಂಥ ಜಾಗ ಗೊತ್ತಿದ್ದರೆ ಹೇಳಿ.

ಪೆಪ್ಪರ್ ಡ್ರೈ

ಪಬ್ಬು, ಅಲ್ಲೇ ಬಿಯರ್ ಮಾಡಿ ಕೊಡುವ ಬ್ರೂವರಿ ಎಲ್ಲ ಬಿಡಿ ಗುರು. ಹಳೇ ಕಾಲದ ಬಾರ್ ಅಂಡ್ ರೆಸ್ಟೋರೆಂಟ್‌ಗೆ ಹೋಗಿ. ಅಲ್ಲಿ ಇಡೀ ದಿನ ಒಂದೇ ರೇಟು. ಹ್ಯಾಪಿ ಅವರ್ ಇಲ್ಲ, ಅನ್‌ಹ್ಯಾಪಿ ಅವರೂ ಇಲ್ಲ. ಕೂತ ತಕ್ಷಣ ಖಾರದ ಕಡ್ಲೆಬೀಜ, ಸೌತೆಕಾಯಿ ಬರುತ್ತದೆ. ಪೆಪ್ಪರ್ ಚಿಕನ್, ಕಬಾಬ್, ಎಗ್ ಬುರ್ಜಿ, ಬೇಬಿ ಕಾರ್ನ್ ಮಂಚೂರಿ. ಕೊನೆಯಲ್ಲಿ ಎಗ್ ಫ್ರೈಡ್ ರೈಸ್ ಅಥವಾ ಮೊಸರನ್ನ. ಮೊಸರನ್ನಕ್ಕೆ ದಾಳಿಂಬೆ ಹಾಕಿ ಕೊಡುವ ಬಾರುಗಳು ಇನ್ನೂ ಇವೆ, ಹುಡುಕಬೇಕು ಅಷ್ಟೇ.

ಅಂದ ಹಾಗೆ ಕಬಾಬಿನ ಕಡುಕೆಂಪು ಬಣ್ಣ ಕಡಿಮೆಯಾಗಿರುವುದನ್ನು ಗಮನಿಸಿದ್ದೀರಾ? 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ಆದೇಶ ಮಾಡಿತು. ಬಣ್ಣ ಹೋದರೂ ರುಚಿ ಹೋಗಿಲ್ಲ. ಈಗಲೂ ಕೆಂಪಗೆ ಹೊಳೆಯುತ್ತಿದ್ದರೆ ಆ ತಟ್ಟೆ ವಾಪಸ್ ಕಳಿಸಿ.

ಸೋಡಾ ಶರಬತ್

ಪೆಪ್ಪರ್ ಡ್ರೈ ಅವರೇ, ಗುಂಪಿನಲ್ಲಿ ಹೆಂಗಸರು ಇದ್ದಾರಾ ಅಂತ ಮೊದಲು ಕೇಳಬೇಕಿತ್ತು. ಬಾರ್ ಅಂಡ್ ರೆಸ್ಟೋರೆಂಟ್‌ಗೆ ನಾವು ಕಾಲಿಟ್ಟರೆ "ಮೇಡಂ, ಮೇಲೆ ಎಸಿ ಫ್ಯಾಮಿಲಿ ಹಾಲ್ ಇದೆ" ಅಂತ ಕೈ ತೋರಿಸುತ್ತಾರೆ. ಮೇಲೆ ಹೋದರೆ ಕಿಟಕಿ ಇಲ್ಲ, ನೀಲಿ ಲೈಟು, ಟಿವಿಯಲ್ಲಿ ಮ್ಯೂಟ್ ಮಾಡಿದ ಕ್ರಿಕೆಟ್. ಅದೇ ಪೆಪ್ಪರ್ ಚಿಕನ್‌ಗೆ ಎಸಿ ರೇಟು. ಟಾಯ್ಲೆಟ್ ಬಗ್ಗೆ ಹೇಳಲೇಬೇಡಿ.

ನಾನು ಕುಡಿಯುವುದಿಲ್ಲ. ಆದರೆ ಕುಡಿಯುವ ಗೆಳೆಯರ ಜೊತೆ ಕೂರುವುದು ಇಷ್ಟ. ಜಾಗ ಹುಡುಕುವಾಗ ನಾನು ನೋಡುವುದೇ ಬೇರೆ. ಟಾಯ್ಲೆಟ್ ಚೆನ್ನಾಗಿದೆಯಾ, ಹೊರಗಿನ ರಸ್ತೆಯಲ್ಲಿ ಬೆಳಕಿದೆಯಾ, ಹತ್ತು ಗಂಟೆಗೆ ಹೊರಬಂದರೆ ಆಟೊ ಸಿಗುತ್ತದಾ, ಮೆಟ್ರೊ ಎಷ್ಟು ದೂರ. ಆಮೇಲೆ ಮೆನು. ಮಾಕ್‌ಟೇಲ್ ಹೆಸರಿನಲ್ಲಿ ಸಕ್ಕರೆ ಪಾನಕಕ್ಕೆ ಬಿಯರ್ ರೇಟು ಹಾಕುವ ಜಾಗಕ್ಕೆ ಎರಡನೇ ಸಲ ಹೋಗುವುದಿಲ್ಲ. ಫ್ರೆಶ್ ಲೈಮ್ ಸೋಡಾ, ಸ್ವೀಟ್ ಅಂಡ್ ಸಾಲ್ಟ್, ಸರಿಯಾಗಿ ಮಾಡಿಕೊಟ್ಟರೆ ಸಾಕು.

ಇನ್ನೊಂದು ವಿಷಯ. ಹ್ಯಾಪಿ ಅವರ್ ರಿಯಾಯಿತಿ ಇರುವುದು ಮದ್ಯಕ್ಕೆ. ನಮ್ಮ ಲೈಮ್ ಸೋಡಾಕ್ಕೆ ಒಂದಕ್ಕೆ ಒಂದು ಫ್ರೀ ಕೊಟ್ಟಿದ್ದನ್ನು ಯಾರಾದರೂ ನೋಡಿದ್ದೀರಾ?

ಪೆಪ್ಪರ್ ಡ್ರೈ

ಫ್ಯಾಮಿಲಿ ಹಾಲ್ ವಿಷಯ ಒಪ್ಪಿದೆ ಮೇಡಂ. ಆದರೆ ಮೊಸರನ್ನದ ವಿಷಯದಲ್ಲಿ ನಾನು ಒಂದು ಹೆಜ್ಜೆ ಹಿಂದೆ ಹೋಗುವುದಿಲ್ಲ.

ನೊರೆ ಬಿಯರ್

ಬೆಂಗಳೂರಲ್ಲಿ ಇದ್ದುಕೊಂಡು ಬ್ರೂವರಿಗೆ ಹೋಗಬೇಡಿ ಅನ್ನುವುದು ಯಾವ ನ್ಯಾಯ? 2010ರಲ್ಲಿ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಟಾಯ್ಟ್ ಬಂತು. ಮರುವರ್ಷ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕ್ಲಬ್. 2012ರಲ್ಲಿ ಆರ್ಬರ್, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್. ಅಲ್ಲಿಂದ ಮುಂದೆ ಈ ಊರಿನ ಸಂಜೆಗಳೇ ಬದಲಾದವು. ಬಾಟಲಿ ಬಿಯರ್ ಬಿಟ್ಟರೆ ಬೇರೆ ಗೊತ್ತಿಲ್ಲದವರು ವೀಟ್ ಬಿಯರ್, ಸ್ಟೌಟ್ ಅಂತ ಕೇಳಿ ಕುಡಿಯುವಂತಾದರು. ಟಾಯ್ಟ್‌ನಲ್ಲಿ ಬಾಸ್ಮತಿ ಅಕ್ಕಿ ಹಾಕಿದ ಬಿಯರ್ ಇದೆ. ಹೆಸರು ಬಾಸ್ಮತಿ ಬ್ಲಾಂಡ್. ಸೆಕೆಗಾಲದಲ್ಲಿ ಅದಕ್ಕಿಂತ ಹಗುರವಾದದ್ದು ಬೇಡ.

ಕುಡಿಯದವರಿಗೆ ಸೌದೆ ಒಲೆಯ ಪಿಜ್ಜಾ ಇದೆ. ಸಸ್ಯಾಹಾರಿಗಳಿಗೂ ತೊಂದರೆ ಇಲ್ಲ. ಬರೀ ಶುಕ್ರವಾರ, ಶನಿವಾರ ಹೋಗಬೇಡಿ ಅಷ್ಟೇ. ಮಂಗಳವಾರ, ಬುಧವಾರ ಹೋದರೆ ನಿಮ್ಮ ಮಾತು ನಿಮಗೆ ಕೇಳಿಸುತ್ತದೆ.

ಹನ್ನೆರಡನೇ ಮೇನ್

ನಾನು ಇಂದಿರಾನಗರದಲ್ಲೇ ಹುಟ್ಟಿ ಬೆಳೆದವನು. ಇಲ್ಲಿಗೆ ಬರಬೇಡಿ ಅಂತ ಹೇಳುವುದಿಲ್ಲ. ಬಂದರೆ ಕಾರು ತರಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ನಮ್ಮ ಮನೆ ಗೇಟಿನ ಮುಂದೆ ನಿಲ್ಲಿಸಿ ಹೋಗುತ್ತಾರೆ. ವ್ಯಾಲೆ ಹುಡುಗರ ಕೈಗೆ ಕೀಲಿ ಕೊಟ್ಟವರಿಗೆ ಆ ಕಾರು ಯಾರ ಮನೆ ಮುಂದೆ ನಿಂತಿದೆ ಅಂತ ಗೊತ್ತೇ ಇರುವುದಿಲ್ಲ. ರಾತ್ರಿ ಒಂದು ಗಂಟೆಗೆ ಬಾಗಿಲು ಮುಚ್ಚಿದ ಮೇಲೆ ರಸ್ತೆಯಲ್ಲಿ ನಿಂತು ಇನ್ನೊಂದು ಅರ್ಧ ಗಂಟೆ ಬೀಳ್ಕೊಡುಗೆ ಸಮಾರಂಭ ನಡೆಯುತ್ತದೆ. ರೂಫ್‌ಟಾಪ್ ಸ್ಪೀಕರ್ ಸದ್ದಿಗೆ ನಮ್ಮ ತಾಯಿಗೆ ನಿದ್ದೆ ಇಲ್ಲ. ಇದೇ ಸದ್ದಿನ ವಿಷಯಕ್ಕೆ ಇಲ್ಲಿನವರು ಪೊಲೀಸ್ ಸ್ಟೇಷನ್, ಹೈಕೋರ್ಟ್ ಎಲ್ಲ ಅಲೆದಿದ್ದಾರೆ.

ನೇರಳೆ ಮಾರ್ಗದ ಇಂದಿರಾನಗರ ಸ್ಟೇಷನ್ ಪಕ್ಕದಲ್ಲೇ ಇದೆ. ಅಲ್ಲಿ ಇಳಿದು ನಡೆದು ಬನ್ನಿ.

ನೊರೆ ಬಿಯರ್

ನಿಮ್ಮ ಸಂಕಟ ಅರ್ಥವಾಗುತ್ತದೆ ಸರ್. ಕುಡಿದು ಗಾಡಿ ಓಡಿಸುವ ಮಾತೇ ಬೇಡ. ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಕೇಸು. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. "ಒಂದೇ ಪಿಂಟ್ ಅಲ್ವಾ" ಅನ್ನುವವರಿಗೆ ಇದನ್ನು ತೋರಿಸಿ.

ಹಳೇ ಕ್ಯಾಪ್ಟನ್

ಹೋಟೆಲ್ ಲೈನ್‌ನಲ್ಲಿ ತುಂಬಾ ವರ್ಷ ಇದ್ದವನು ನಾನು. ಸ್ಟೀವರ್ಡ್ ಆಗಿ ಸೇರಿ, ಕ್ಯಾಪ್ಟನ್ ಆಗಿ, ಆಮೇಲೆ ಬಾರ್ ನೋಡಿಕೊಂಡೆ. ಹ್ಯಾಪಿ ಅವರ್ ಯಾಕೆ ನಿಮ್ಮ ಟೈಮಿಗೆ ಸಿಗುವುದಿಲ್ಲ ಅಂತ ಹೇಳುತ್ತೇನೆ, ಕೇಳಿ.

ಅದನ್ನು ಮಾಡಿರುವುದೇ ನೀವು ಬರಲಾಗದ ಹೊತ್ತಿಗೆ. ಮಧ್ಯಾಹ್ನ ಊಟ ಮುಗಿದ ಮೇಲೆ ಏಳು ಗಂಟೆ ತನಕ ಟೇಬಲ್ ಖಾಲಿ. ಬಾಡಿಗೆ, ಕರೆಂಟು, ಲೈಸೆನ್ಸ್ ಫೀಸು, ಹುಡುಗರ ಸಂಬಳ ಮಾತ್ರ ನಿಲ್ಲುವುದಿಲ್ಲ. ಖಾಲಿ ಕುರ್ಚಿಗಿಂತ ಅರ್ಧ ರೇಟಿನ ಗಿರಾಕಿ ಮೇಲು. ಏಳರ ನಂತರ ಹೇಗೂ ಜನ ಬರುತ್ತಾರೆ, ಆಗ ರಿಯಾಯಿತಿ ಯಾಕೆ ಕೊಡಬೇಕು? ಶುಕ್ರವಾರ ಸಂಜೆ ಹ್ಯಾಪಿ ಅವರ್ ಬೇಕು ಅನ್ನುವುದು ಹಬ್ಬದ ಹಿಂದಿನ ದಿನ ಹೂವು ಚೀಪಾಗಿ ಕೇಳಿದ ಹಾಗೆ.

ಅರ್ಧ ರೇಟಿಗೆ ಕೊಟ್ಟರೆ ನಷ್ಟ ಆಗುವುದಿಲ್ಲವಾ ಅಂತ ಕೇಳುತ್ತಾರೆ. 750 ಎಂಎಲ್ ಬಾಟಲಿಯಲ್ಲಿ 30 ಎಂಎಲ್ ಪೆಗ್ 25 ಬರುತ್ತದೆ. ನಾಲ್ಕೈದು ಪೆಗ್ಗಿಗೆ ಬಾಟಲಿಯ ಕಾಸು ವಾಪಸ್ ಬರುವ ಜಾಗಗಳಿವೆ. ಅಂಥ ಕಡೆ ಅರ್ಧ ರೇಟಿಗೆ ಕೊಟ್ಟರೂ ಉಳಿಯುತ್ತದೆ. ಅದರ ಮೇಲೆ ನೀವು ತರಿಸುವ ಸೈಡ್ಸ್ ಇದೆಯಲ್ಲ, ಫ್ರೆಂಚ್ ಫ್ರೈಸು, ನಾಚೋಸು, ಮಸಾಲಾ ಪಾಪಡ್, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಉಪ್ಪು ಖಾರ ತಿಂದಷ್ಟೂ ಬಾಯಾರಿಕೆ. ಏಳಾದ ಮೇಲೂ ನೀವು ಎದ್ದು ಹೋಗುವುದಿಲ್ಲ. ಲಾಭ ಇರುವುದು ಅಲ್ಲೇ.

ಬೋರ್ಡ್ ನೋಡಿ ಒಳಗೆ ಹೋಗುವ ಮೊದಲು ಕೆಲವು ಪ್ರಶ್ನೆ ಕೇಳಿ. ಒಂದಕ್ಕೆ ಒಂದು ಅಂದರೆ ಎರಡೂ ಒಟ್ಟಿಗೆ ತರುತ್ತಾರಾ, ಬೇಕಾದಾಗ ಎರಡನೆಯದು ತರುತ್ತಾರಾ? ಒಟ್ಟಿಗೆ ತಂದರೆ ಎರಡನೆಯದರಲ್ಲಿ ಐಸ್ ಕರಗಿ ನೀರಾಗಿರುತ್ತದೆ. ಫ್ರೀ ಬಂದ ಗ್ಲಾಸನ್ನು ಪಕ್ಕದವರು ಕುಡಿಯಬಹುದಾ? ಯಾವ ಬ್ರ್ಯಾಂಡಿಗೆ ಆಫರ್ ಇದೆ? ಆಮೇಲೆ ಟೈಮು. ಏಳಕ್ಕೆ ಮುಗಿಯುತ್ತದೆ ಅಂದರೆ ಏಳಕ್ಕೆ ನೀವು ಆರ್ಡರ್ ಹೇಳಿರಬೇಕಾ, ಸಿಸ್ಟಂನಲ್ಲಿ ಬಿಒಟಿ (ಬಾರಿಗೆ ಹೋಗುವ ಆರ್ಡರ್ ಚೀಟಿ) ಬಿದ್ದಿರಬೇಕಾ? 6:58ಕ್ಕೆ ಕೈ ಎತ್ತಿ, ಹುಡುಗ 7:04ಕ್ಕೆ ಪಂಚ್ ಮಾಡಿದರೆ ಫುಲ್ ರೇಟು ಬರುತ್ತದೆ. ನಾನು ನೋಡಿದ ಜಗಳಗಳಲ್ಲಿ ಇದೇ ಜಾಸ್ತಿ.

ಬಾಸ್ಟನ್ ಬಿಸಿಬೇಳೆ

ನಿಮ್ಮ ಜಗಳ ಓದಿ ಹೊಟ್ಟೆ ಉರಿಯುತ್ತಿದೆ. ನಾನಿರುವ ಮ್ಯಾಸಚೂಸೆಟ್ಸ್‌ನಲ್ಲಿ ಹ್ಯಾಪಿ ಅವರ್ ಅನ್ನುವುದೇ ಇಲ್ಲ. 1984ರಿಂದ ನಿಷೇಧ. ಕುಡಿದು ಕಾರು ಓಡಿಸಿ ಆದ ಸಾವುಗಳ ನಂತರ ತಂದ ನಿಯಮ. ಒಂದು ಹೊತ್ತಿಗೆ ಮಾತ್ರ ಮದ್ಯದ ರೇಟು ಇಳಿಸುವ ಹಾಗಿಲ್ಲ, ಫ್ರೀ ಕೊಡುವ ಹಾಗಿಲ್ಲ.

ಹಾಗಾಗಿ ಇಲ್ಲಿನ ರೆಸ್ಟೋರೆಂಟ್‌ಗಳು ಊಟದ ರೇಟು ಇಳಿಸುತ್ತವೆ. ಸಂಜೆ ಹೊತ್ತು ಒಂದು ಡಾಲರಿಗೊಂದು ಆಯ್ಸ್ಟರ್ (ಚಿಪ್ಪುಮೀನು) ಅನ್ನುವ ಬೋರ್ಡು ಈ ಊರಲ್ಲಿ ಫೇಮಸ್ಸು. ಈಗ ರೇಟು ಏರಿದೆ, ಪದ್ಧತಿ ಇದೆ. ನಾವು ಕನ್ನಡದವರು ಸೇರಿದಾಗ ಅರ್ಧ ಜನ ಆಯ್ಸ್ಟರ್ ನೋಡಿಯೇ ಹೆದರುತ್ತಾರೆ. ಸುಮ್ನೆ ಫ್ರೈಸ್ ತಿನ್ನುತ್ತಾ ಕೂರುತ್ತೇವೆ. ಊಟಕ್ಕೆ ರಿಯಾಯಿತಿ ಅಂದರೆ ಕುಡಿಯದವರಿಗೂ ಲಾಭ ಅಲ್ವಾ? ಸೋಡಾ ಶರಬತ್ ಅವರು ಇಲ್ಲಿಗೆ ಬರಬೇಕು.

ಸೋಡಾ ಶರಬತ್

ಟಿಕೆಟ್ ಕಳಿಸಿ, ಬರುತ್ತೇನೆ.

ಗಾಂಧಿಬಜಾರ್

ನೀವೆಲ್ಲ ಮದ್ಯದ ಸುತ್ತಲೇ ಸುತ್ತುತ್ತಿದ್ದೀರಿ. ಈ ಊರಿಗೆ ಹ್ಯಾಪಿ ಅವರ್ ಹೊಸದೇನಲ್ಲ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದ ಹೋಟೆಲುಗಳು ಸಂಜೆ ಮತ್ತೆ ಕಾವಲಿ ಬಿಸಿ ಮಾಡುವ ಹೊತ್ತೇ ನಮ್ಮ ಹ್ಯಾಪಿ ಅವರ್. ವಿದ್ಯಾರ್ಥಿ ಭವನ 1943ರಿಂದ ಇದೆ. ಒಳಗೆ ಸೀಟಿಗೆ ಕಾಯುತ್ತಾ ನಿಂತರೆ, ತೋಳಿನುದ್ದ ದೋಸೆ ತಟ್ಟೆ ಜೋಡಿಸಿಕೊಂಡು ಬರುವವರನ್ನು ನೋಡುವುದೇ ಒಂದು ಮಜ. ಎಂಟಿಆರ್ 1924ರದು. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ರವೆಯಲ್ಲಿ ಇಡ್ಲಿ ಮಾಡಿದವರು ಅವರು. ಮಲ್ಲೇಶ್ವರದಲ್ಲಿ ಸಿಟಿಆರ್ ಬೆಣ್ಣೆ ಮಸಾಲೆ ಇದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋದರೆ ನಿಂತೇ ತಿನ್ನಬೇಕು, ಸಾಂಬಾರ್ ಕೇಳಬಾರದು, ಚಟ್ನಿ ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಹೆಸರಲ್ಲಿ ಬಾರ್ ಇದೆ, ನಿಮ್ಮವರಿಗೆ ಸಮಾಧಾನ ಆಗಬಹುದು.

ಹತ್ತು ಜನ ಹೊಟ್ಟೆ ತುಂಬಾ ತಿಂದರೂ ಪಬ್ಬಿನಲ್ಲಿ ಇಬ್ಬರ ಬಿಲ್ ಆಗುವುದಿಲ್ಲ.

ನೊರೆ ಬಿಯರ್

ತಿಂಡಿ ಬಗ್ಗೆ ಎರಡು ಮಾತಿಲ್ಲ ಸರ್. ಆದರೆ ಇವರು ಕೇಳಿದ್ದು ಎರಡು ಮೂರು ಗಂಟೆ ಕೂರುವ ಜಾಗ. ನೀವು ಹೇಳಿದ ಕಡೆ ಕಾಫಿ ಲೋಟ ಕೆಳಗಿಡುವ ಮೊದಲೇ ಕುರ್ಚಿ ಹಿಂದೆ ಒಬ್ಬರು ನಿಂತಿರುತ್ತಾರೆ.

ಗಾಂಧಿಬಜಾರ್

ತಿಂದು ಎದ್ದು ಲಾಲ್‌ಬಾಗಿಗೋ ಬ್ಯೂಗಲ್ ರಾಕ್‌ಗೋ ಹೋಗಿ ಕೂತು ಮಾತಾಡಿ. ಕಾಸು ಕೊಟ್ಟು ಕುರ್ಚಿ ಬಾಡಿಗೆಗೆ ತೆಗೆದುಕೊಂಡರೆ ಮಾತ್ರ ಮಾತು ಬರುತ್ತದಾ?

ಗಿರಿನಗರ ಗೊಜ್ಜು

ಸರ್, ಸೂಚನೆ ಚೆನ್ನಾಗಿದೆ. ಆದರೆ ನಮ್ಮವರು ಸೇರುವ ಹೊತ್ತಿಗೆ ಎಂಟು ಗಂಟೆ ಆಗಿರುತ್ತದೆ. ಆಗ ಲಾಲ್‌ಬಾಗ್ ಗೇಟು ಹಾಕಿರುತ್ತಾರೆ. ಭಾನುವಾರ ಬೆಳಿಗ್ಗೆ ಒಂದು ಸಲ ಇದನ್ನೇ ಮಾಡೋಣ ಅಂತ ಗುಂಪಿನಲ್ಲಿ ಹಾಕಿದ್ದೇನೆ. ಎರಡು ಹೆಬ್ಬೆರಳು ಬಂದಿವೆ. ಒಬ್ಬರು "ಎಷ್ಟು ಗಂಟೆಗೆ ಏಳಬೇಕು" ಅಂತ ಕೇಳಿದ್ದಾರೆ.

ಕುಡ್ಲ ಕಾಣೆ

ಮಾರಾಯ್ರೇ, ಬೆಂಗಳೂರಿನವರಿಗೆ ಟೇಬಲ್ ಸಿಕ್ಕಿದರೆ ಟೈಮ್ ಇಲ್ಲ, ಟೈಮ್ ಸಿಕ್ಕಿದರೆ ಟೇಬಲ್ ಇಲ್ಲ. ನಮ್ಮ ಮಂಗಳೂರಿನಲ್ಲಿ ಗೆಳೆಯರು ಸೇರುವುದು ಅಂದರೆ ಮೊದಲು ಮೀನು ಯಾವುದು ಬಂದಿದೆ ಅಂತ ಕೇಳುವುದು. ಕಾಣೆ ರವಾ ಫ್ರೈ, ಬೊಂಡಾಸ್ ಘೀ ರೋಸ್ಟ್, ಮರುವಾಯಿ ಸುಕ್ಕ, ಜೊತೆಗೆ ನೀರುದೋಸೆ. ಒಂದು ಬಾಟಲಿ ಬಿಯರ್ ಮೂವರು ಹಂಚಿಕೊಂಡರೂ ಯಾರೂ ಏನೂ ಹೇಳುವುದಿಲ್ಲ. ಜೂನ್, ಜುಲೈಯಲ್ಲಿ ಮಾತ್ರ ಬರಬೇಡಿ. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಇದ್ದ ಮೀನಿಗೆ ಬಂಗಾರದ ರೇಟು. ಆಗ ಕೋರಿ ರೊಟ್ಟಿ ತಿಂದು ಮನೆಗೆ ಹೋಗುವುದೇ ಒಳ್ಳೆಯದು. ಊಟ ಆದ ಮೇಲೆ ಗಡ್‌ಬಡ್ ಐಸ್‌ಕ್ರೀಮ್. ಅದಕ್ಕೆ ಕುಡಿಯುವವರು, ಕುಡಿಯದವರು ಅಂತ ಭೇದ ಇಲ್ಲ.

ಸೋಡಾ ಶರಬತ್ ಅವರು ಹೇಳಿದ್ದಕ್ಕೆ ಒಂದು ಮಾತು. ನಾನೂ ಹೆಂಗಸೇ. 2009ರ ಜನವರಿಯಲ್ಲಿ ನಮ್ಮೂರಿನ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆಗ ನಾನು ಕಾಲೇಜಿನಲ್ಲಿದ್ದೆ. ಆಮೇಲೆ ತುಂಬಾ ದಿನ ಹುಡುಗಿಯರು ಗುಂಪಾಗಿ ಐಸ್‌ಕ್ರೀಮ್ ತಿನ್ನಲು ಹೋಗುವಾಗಲೂ ಮನೆಯಲ್ಲಿ ಹತ್ತು ಪ್ರಶ್ನೆ ಕೇಳುತ್ತಿದ್ದರು. ಹಾಗಾಗಿ ಜಾಗ ಹುಡುಕುವಾಗ ನಾವು ಮೊದಲು ಬಾಗಿಲು ನೋಡುತ್ತೇವೆ, ಆಮೇಲೆ ಮೆನು.

ಸೋಡಾ ಶರಬತ್

ಹೌದು ಕಣ್ರೀ. ಇದನ್ನು ನಮ್ಮ ಗುಂಪಿನ ಗಂಡಸರಿಗೆ ಓದಿ ಹೇಳಬೇಕು.

ಹುಬ್ಬಳ್ಳಿ ಗಿರ್ಮಿಟ್

ನಮ್ಮ ಕಡೆ ಸಾವಜಿ ಖಾನಾವಳಿ ಇರುವಾಗ ಹ್ಯಾಪಿ ಅವರ್ ಯಾಕೆ ಬೇಕು ನೋಡ್ರಿ. ಖಾರ ನೆತ್ತಿಗೇರಿದರೆ ಕುಡಿದವರೂ ಕುಡಿಯದವರೂ ಒಂದೇ ಥರ ಬೆವರುತ್ತಾರೆ. ಬೆಂಗಳೂರಿನಲ್ಲೂ ಸಾವಜಿ ಬೋರ್ಡು ಅಲ್ಲಲ್ಲಿ ಕಾಣುತ್ತದೆ. ಖಾರ ಕಡಿಮೆ ಮಾಡಿ ಕೊಡುತ್ತಾರೆ, ಅದೊಂದು ಬೇಜಾರು.

ಲೆಕ್ಕದ ಪುಸ್ತಕ

ಜಾಗದ ಬಗ್ಗೆ ನಾನು ಹೇಳುವುದಿಲ್ಲ. ಬಿಲ್ ಬಗ್ಗೆ ಯಾರೂ ಹೇಳಿಲ್ಲವಲ್ಲ, ಅದನ್ನು ಹೇಳುತ್ತೇನೆ. ಮುಖ ಸಪ್ಪಗಾಗುವುದು ಅಲ್ಲೇ.

ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ. ಅದರ ತೆರಿಗೆಯನ್ನು ರಾಜ್ಯ ಸರ್ಕಾರ ಅಬಕಾರಿ ಸುಂಕದ ರೂಪದಲ್ಲಿ ಬೇರೆಯೇ ತೆಗೆದುಕೊಳ್ಳುತ್ತದೆ. ಬಿಯರ್ ಯಾಕಿಷ್ಟು ದುಬಾರಿ ಅಂತ ಕೇಳುವವರು ಅಲ್ಲಿ ನೋಡಬೇಕು. 2023ರ ಜುಲೈ ಬಜೆಟ್ಟಿನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಹೋಯಿತು, ಆಮೇಲೂ ಏರಿದೆ. ಜಿಎಸ್‌ಟಿ ಬೀಳುವುದು ಊಟ, ತಿಂಡಿ, ಮಾಕ್‌ಟೇಲ್ ಇಂಥವಕ್ಕೆ. ಸಾಮಾನ್ಯ ರೆಸ್ಟೋರೆಂಟ್‌ಗಳಲ್ಲಿ 2017ರ ನವೆಂಬರ್‌ನಿಂದ ಅದು ಶೇ 5. ದೊಡ್ಡ ಸ್ಟಾರ್ ಹೋಟೆಲಿನ ಒಳಗಿರುವ ರೆಸ್ಟೋರೆಂಟ್ ಆದರೆ ಶೇ 18. ಈ ವ್ಯತ್ಯಾಸ ಗೊತ್ತಿಲ್ಲದೆ ಬರ್ತ್‌ಡೇ ಪಾರ್ಟಿ ಕೊಟ್ಟು ಕೈ ಸುಟ್ಟುಕೊಂಡವರಿದ್ದಾರೆ.

ಈಗ ಸರ್ವಿಸ್ ಚಾರ್ಜ್. ಶೇ 10 ಅಂತ ಬಿಲ್ಲಿನಲ್ಲಿ ಸುಮ್ಮನೆ ಸೇರಿಸಿರುತ್ತಾರೆ. ಇದು ತೆರಿಗೆ ಅಲ್ಲ. ತಾನಾಗಿಯೇ ಸೇರಿಸಬಾರದು, ಕಡ್ಡಾಯ ಮಾಡಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ತಂದಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ತೆಗೆಯಿರಿ ಅಂತ ಮೆತ್ತಗೆ ಹೇಳಿ, ತೆಗೆಯುತ್ತಾರೆ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಬಹುದು. ಟಿಪ್ಸ್ ಕೊಡಬೇಕು ಅನಿಸಿದರೆ ಆ ಹುಡುಗನ ಕೈಗೇ ಕೊಡಿ.

ನೀರಿನ ಬಾಟಲಿಗೆ ಎಂಆರ್‌ಪಿ ಮೇಲೆ ಹಾಕಿದರೆ ಜಗಳ ಮಾಡಬೇಡಿ. ಕೂತು ತಿನ್ನುವ ಹೋಟೆಲಿನಲ್ಲಿ ಹಾಗೆ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬಾಟಲಿ ಬೇಡ, ಮಾಮೂಲಿ ನೀರು ಕೊಡಿ ಅಂತ ಕೂತ ತಕ್ಷಣ ಹೇಳಿ.

ಕೊನೆಗೆ ಹಂಚಿಕೆ. ಉದಾಹರಣೆಗೆ ಹತ್ತು ಜನ, ಅದರಲ್ಲಿ ಐವರು ಕುಡಿಯುವವರು. ಊಟ 4,000, ಮದ್ಯ 6,000 ಅಂದುಕೊಳ್ಳಿ. ಊಟಕ್ಕೆ ಜಿಎಸ್‌ಟಿ 200. ಒಟ್ಟು 10,200. ಸಮ ಹಂಚಿದರೆ ತಲೆಗೆ 1,020. ಊಟವನ್ನು ಎಲ್ಲರಿಗೂ, ಮದ್ಯವನ್ನು ಕುಡಿದವರಿಗೆ ಮಾತ್ರ ಹಂಚಿದರೆ ಕುಡಿಯದವರಿಗೆ 420, ಕುಡಿದವರಿಗೆ 1,620. ಅಂದರೆ ಸಮ ಹಂಚಿದ ಪ್ರತಿ ಸಲವೂ ಲೈಮ್ ಸೋಡಾ ಕುಡಿದವರು ಬೇರೆಯವರ ವಿಸ್ಕಿಗೆ 600 ರೂಪಾಯಿ ಕೊಟ್ಟಿರುತ್ತಾರೆ. ಬಾಯಿ ಬಿಟ್ಟು ಹೇಳುವುದಿಲ್ಲ. ನಾಲ್ಕನೇ ತಿಂಗಳು "ಹುಷಾರಿಲ್ಲ, ಬರೋಕಾಗಲ್ಲ" ಅನ್ನುತ್ತಾರೆ.

ಹಳೇ ಕ್ಯಾಪ್ಟನ್

ಇದಕ್ಕೆ ಸುಲಭ ದಾರಿ ಇದೆ. ಊಟದ ಆರ್ಡರ್ ಕೆಒಟಿಯಲ್ಲಿ (ಅಡುಗೆಮನೆಗೆ ಹೋಗುವ ಚೀಟಿ), ಮದ್ಯದ್ದು ಬಿಒಟಿಯಲ್ಲಿ ಹೇಗೂ ಬೇರೆ ಬೇರೆ ಹೋಗುತ್ತದೆ. ಕೂರುವಾಗಲೇ ಕ್ಯಾಪ್ಟನ್‌ಗೆ "ಫುಡ್ ಬಿಲ್ ಬೇರೆ, ಲಿಕ್ಕರ್ ಬಿಲ್ ಬೇರೆ ಕೊಡಿ" ಅಂತ ಹೇಳಿ. ಕೊನೆಯಲ್ಲಿ ಹೇಳಿದರೆ ಮುಖ ಗಂಟು ಹಾಕುತ್ತಾರೆ, ಮೊದಲೇ ಹೇಳಿದರೆ ಏನೂ ಕಷ್ಟ ಇಲ್ಲ. ಆ್ಯಪ್‌ನಲ್ಲಿ ಬಿಲ್ ಕಟ್ಟಿ ಡಿಸ್ಕೌಂಟ್ ತೆಗೆದುಕೊಳ್ಳುವವರು ಅದನ್ನೂ ಮೊದಲೇ ಕೇಳಿ. ಹ್ಯಾಪಿ ಅವರ್ ರೇಟಿನ ಮೇಲೆ ಆ್ಯಪ್ ಡಿಸ್ಕೌಂಟ್ ಸಾಮಾನ್ಯವಾಗಿ ಕೊಡುವುದಿಲ್ಲ. ಎಷ್ಟೋ ಸಲ ಏಳು ಗಂಟೆಯ ನಂತರ ಆ್ಯಪ್ ಡಿಸ್ಕೌಂಟೇ ಹ್ಯಾಪಿ ಅವರ್‌ಗಿಂತ ಲಾಭ, ಯಾಕೆಂದರೆ ಅದು ಊಟಕ್ಕೂ ಸಿಗುತ್ತದೆ.

ಗಿರಿನಗರ ಗೊಜ್ಜು

ಲೆಕ್ಕದ ಪುಸ್ತಕ ಅವರೇ, ನೀವು ನಮ್ಮ ಗುಂಪಿನಲ್ಲಿ ಇಲ್ಲ ತಾನೇ? ಆ "ಹುಷಾರಿಲ್ಲ" ಮೆಸೇಜ್ ನಮಗೂ ಬಂದಿದೆ.

ಪೆಪ್ಪರ್ ಡ್ರೈ

ಜಾಗದ ವಿಷಯಕ್ಕೆ ವಾಪಸ್ ಬರೋಣ. ನಕ್ಷೆ ನೋಡಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರು ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕೂರಬೇಕಾಗಿಲ್ಲ. ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿದರೆ ಎಂ.ಜಿ. ರೋಡ್. ವೈಟ್‌ಫೀಲ್ಡ್‌ನವರು ಕೂತಲ್ಲೇ ಕೂತು ಎಂ.ಜಿ. ರೋಡಿಗೆ ಬರುತ್ತಾರೆ. ಟಿಕೆಟ್ ದುಬಾರಿ ಆಗಿದೆ, ನಿಜ. ಹೋಗಿ ಬರುವ ಕ್ಯಾಬಿನ ಮುಂದೆ ಅದು ಏನೂ ಅಲ್ಲ.

ಹಾಗಾಗಿ ಚರ್ಚ್ ಸ್ಟ್ರೀಟ್, ರೆಸ್ಟ್ ಹೌಸ್ ರೋಡ್, ಸೇಂಟ್ ಮಾರ್ಕ್ಸ್ ರೋಡ್ ಸುತ್ತಮುತ್ತ ನೋಡಿ. ಪೆಕೋಸ್ 1989ರಿಂದ ಇದೆ. ಹಳೇ ರಾಕ್ ಹಾಡು, ಪಿಚರ್ ಬಿಯರ್. ನಮ್ಮ ತಲೆಮಾರಿನ ಎಷ್ಟೋ ಜನರ ಮೊದಲ ಸಂಬಳ ಅಲ್ಲೇ ಖರ್ಚಾಗಿದೆ. ಇಳಿಜಾರು ಮೆಟ್ಟಿಲು, ಇಕ್ಕಟ್ಟು. ಹತ್ತು ಜನಕ್ಕೆ ಕಷ್ಟ, ನಾಲ್ಕು ಜನಕ್ಕೆ ಸ್ವರ್ಗ.

ಸೋಡಾ ಶರಬತ್

ಕೋಶೀಸ್ ಹೆಸರು ಇಷ್ಟು ಹೊತ್ತಾದರೂ ಯಾರೂ ಎತ್ತಲಿಲ್ಲವಲ್ಲ! ಸೇಂಟ್ ಮಾರ್ಕ್ಸ್ ರೋಡ್, ಎಂ.ಜಿ. ರೋಡ್ ಮೆಟ್ರೊದಿಂದ ನಡೆದು ಹೋಗುವಷ್ಟು ದೂರ. ಹಳೇ ಮರದ ಟೇಬಲ್, ದೊಡ್ಡ ಕಿಟಕಿ. ಅಬ್ಬರದ ಹಾಡು ಇಲ್ಲ. ಪಕ್ಕದ ಟೇಬಲ್ಲಿನಲ್ಲಿ ಯಾರೋ ಒಬ್ಬರೇ ಪೇಪರ್ ಓದುತ್ತಾ ಕೂತಿರುತ್ತಾರೆ, ಈ ಕಡೆ ಒಂದು ಗುಂಪು ಬಿಯರ್ ಕುಡಿಯುತ್ತಿರುತ್ತದೆ, ಆ ಕಡೆ ಒಂದು ಕುಟುಂಬ ಕಟ್ಲೆಟ್ ತಿನ್ನುತ್ತಿರುತ್ತದೆ. ಕುಡಿಯುವವರಿಗೆ ಒಂದು ಕೋಣೆ, ಹೆಂಗಸರಿಗೆ ಒಂದು ಕೋಣೆ ಅಂತಿಲ್ಲ. ನಾನು ಒಬ್ಬಳೇ ಹೋಗಿ ಕಾಫಿ ಕುಡಿದು ಪುಸ್ತಕ ಓದಿದ್ದೇನೆ. ಯಾರೂ ಎಬ್ಬಿಸಿಲ್ಲ. ಒಂದಕ್ಕೆ ಒಂದು ಫ್ರೀ ಹುಡುಕುವವರು ಹೋಗುವ ಜಾಗ ಅಲ್ಲ ಅದು. ಮಾತಾಡುವುದಕ್ಕೆ ಹೋಗುವ ಜಾಗ.

ನೊರೆ ಬಿಯರ್

ಕೋಶೀಸ್‌ಗೆ ನನ್ನ ಓಟು ಅರ್ಧ ಮಾತ್ರ. ಜಾಗ ಚೆನ್ನಾಗಿದೆ, ಬಿಯರ್ ಮಾಮೂಲಿ. ಆದರೆ ಇವರು ಕೇಳಿದ್ದಕ್ಕೆ ಸರಿಹೊಂದುತ್ತದೆ, ಅದನ್ನು ಅಲ್ಲಗಳೆಯಲ್ಲ.

ಹನ್ನೆರಡನೇ ಮೇನ್

ಎಂ.ಜಿ. ರೋಡಿಗೆ ಹೋಗಿ. ತುಂಬಾ ಒಳ್ಳೆ ಆಯ್ಕೆ. ಮನಸ್ಸು ಬದಲಾಯಿಸಬೇಡಿ.

ಪೆಪ್ಪರ್ ಡ್ರೈ

😀😀

ಗಾಂಧಿಬಜಾರ್

ಹೋಗುವ ದಿನ ಡ್ರೈ ಡೇ ಅಲ್ಲ ತಾನೇ, ನೋಡಿಕೊಳ್ಳಿ. ಗಾಂಧಿ ಜಯಂತಿ ಎಲ್ಲರಿಗೂ ಗೊತ್ತು. ಆದರೆ ಚುನಾವಣೆ ಬಂದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಬಂದ್, ಎಣಿಕೆ ದಿನವೂ ಬಂದ್. ಗಣೇಶ ವಿಸರ್ಜನೆ ಸಮಯದಲ್ಲಿ ಏರಿಯಾ ಪ್ರಕಾರ ಪೊಲೀಸರು ಮುಚ್ಚಿಸುತ್ತಾರೆ. ಆ ದಿನಗಳಲ್ಲಿ ನಮ್ಮ ಕಡೆಗೆ ಬನ್ನಿ, ಕಾಫಿಗೆ ಯಾವ ಡ್ರೈ ಡೇಯೂ ಇಲ್ಲ.

ಗಿರಿನಗರ ಗೊಜ್ಜು

ಎಲ್ಲರಿಗೂ ಥ್ಯಾಂಕ್ಸ್. ಇಲ್ಲಿನ ಮಾತುಗಳನ್ನೆಲ್ಲ ಗುಂಪಿನಲ್ಲಿ ಹಾಕಿದೆ. ತೀರ್ಮಾನ ಆಯಿತು. ಮುಂದಿನ ಬುಧವಾರ, ಎಂ.ಜಿ. ರೋಡ್ ಮೆಟ್ರೊ ಹತ್ತಿರ. ಯಾರೂ ಗಾಡಿ ತರುವಂತಿಲ್ಲ. ಹ್ಯಾಪಿ ಅವರ್ ಫೋಟೊ ಹಾಕಿದವರಿಗೆ ಲಿಕ್ಕರ್ ಬಿಲ್ಲಿನಲ್ಲಿ ಡಬಲ್ ಪಾಲು, ಇದು ನಮ್ಮ ಗುಂಪಿನ ಹೊಸ ಕಾನೂನು. ಸಂಜೆ ಬೇಗ ಬಿಡುವ ಇಬ್ಬರು ಮೊದಲು ಹೋಗಿ ಟೇಬಲ್ ಹಿಡಿಯುತ್ತಾರೆ. ಹತ್ತು ಜನಕ್ಕೆ ಜಾಗ ಸಿಗದಿದ್ದರೆ ಚರ್ಚ್ ಸ್ಟ್ರೀಟ್‌ನಲ್ಲಿ ಇನ್ನೊಂದು ರೆಸ್ಟೋರೆಂಟ್ ನೋಡಿಟ್ಟಿದ್ದೇವೆ. ಬಿಲ್ ಎರಡು. ಹತ್ತು ಗಂಟೆಗೆ ಏಳಲೇಬೇಕು, ಎರಡು ಸಲ ಮೆಟ್ರೊ ಬದಲಾಯಿಸುವವರು ಕೊನೆಯ ರೈಲು ಹಿಡಿಯಬೇಕಲ್ಲ.

ಈರುಳ್ಳಿ ಬೆಳ್ಳುಳ್ಳಿ ತಿನ್ನದ ಗೆಳೆಯರಿಗೆ ಏನು ಮಾಡುವುದು ಅನ್ನುವುದೊಂದೇ ಉಳಿದಿದೆ.

ಹಳೇ ಕ್ಯಾಪ್ಟನ್

ಅದನ್ನು ಮಧ್ಯಾಹ್ನವೇ ಫೋನ್ ಮಾಡಿ ಹೇಳಿ. ಸಂಜೆ ರಶ್ಶಿನಲ್ಲಿ ಹೇಳಿದರೆ ಮಾಡಲಾಗುವುದಿಲ್ಲ. ಗ್ರೇವಿಗಳನ್ನೆಲ್ಲ ಬೆಳಿಗ್ಗೆಯೇ ಈರುಳ್ಳಿ ಹಾಕಿ ಮಾಡಿ ಇಟ್ಟಿರುತ್ತಾರೆ. ಪಾಸ್ತಾ ಸಾಸಿನಲ್ಲೂ ಬೆಳ್ಳುಳ್ಳಿ ಇರುತ್ತದೆ. ಮೊದಲೇ ಗೊತ್ತಿದ್ದರೆ ಒಂದು ಪನ್ನೀರ್ ತವಾ ಫ್ರೈ, ಒಂದು ಜೀರಾ ರೈಸ್ ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತಾರೆ.

ಗಿರಿನಗರ ಗೊಜ್ಜು

ಬುಧವಾರದ ತನಕ ಕಾಯುವುದು ಯಾಕೆ ಅಂತ ಎರಡೂ ಕಡೆ ಈಗಲೇ ಫೋನ್ ಮಾಡಿ ಹೇಳಿದೆ. ಒಂದು ಕಡೆ "ಸರಿ ಸರ್, ಒಂದು ಜೈನ್ ಊಟ" ಅಂತ ಬರೆದುಕೊಂಡರು. ನಮ್ಮ ಗೆಳೆಯರು ಮಾಧ್ವರು.

ಸೋಡಾ ಶರಬತ್

ಮತ್ತೆ ಫೋನ್ ಮಾಡಿ. ಜೈನ್ ಅಂದರೆ ಆಲೂಗಡ್ಡೆಯನ್ನೂ ತೆಗೆಯುತ್ತಾರೆ. ಪಾಪ, ಫ್ರೆಂಚ್ ಫ್ರೈಸೂ ಸಿಗುವುದಿಲ್ಲ.